ಮಾಳಿಗೆಗೆ ಸೋಲಾರ್

ಮನೆಗೆ ಸೋಲಾರ್ ಹಾಕಿಸಬೇಕೆಂದು ವರ್ಷದಿಂದ ಅನ್ನುತ್ತಲೇ ಇದ್ದ ನೀಲಗಂಗಮ್ಮನಿಗೆ, ಹೊಸಪೇಟೆ ಬಸ್ ನಿಲ್ದಾಣದಲ್ಲಿ ಪಕ್ಕದ ಕಲ್ಲುಬೆಂಚಿನ ಅಕ್ಕ-ತಮ್ಮನ ಬಾಯಲ್ಲಿ ಅದೇ ಮಾತು ಕೇಳಿ ಕಿವಿ ಅತ್ತ ವಾಲಿತು.

“ಹಾಕ್ಸಿಬಿಡಕ್ಕ. ಭಾವನ ಆಕ್ಸಿಜನ್ ಮಷಿನ್ ಹಗಲೂ ರಾತ್ರಿ ಓಡ್ತೈತಿ. ಕರೆಂಟ್ ಬಿಲ್ ಎಷ್ಟು ಬರಾಕತ್ತೈತಿ ನೋಡು.”

“ನಮ್ ಸಂಡೂರಾಗ ಮೈನ್ಸಿನ ಕೆಂಪು ಧೂಳು ಕುಂದರ್ತೈತಿ ಯಲ್ಲೇಶ. ದಿನಾ ಮಾಳಿಗಿ ಹತ್ತಿ ಒರಸೋರು ಯಾರು?”

“ವಾರಕ್ಕೊಮ್ಮೆ ನಾನ ಬಂದು ತೊಳಿತೀನಿ.”

“ಹಾಕಿದ ರೊಕ್ಕ ಹೊಳ್ಳಿ ಬರೋದು ಯಾವಾಗಂತ?”

“ಐದು ವರ್ಷಕ್ಕ ಅಂದಾರ. ಆಮ್ಯಾಲ ಎಲ್ಲಾ ಪುಕ್ಕಟೆ.”

ಅಕ್ಕ ಮಡಿಲಲ್ಲಿದ್ದ ಎಕ್ಸ್-ರೇ ಲಕೋಟೆಯನ್ನು ನೇರ ಮಾಡಿಕೊಂಡಳು.

“ಡಾಕ್ಟ್ರು ಏನಂದ್ರು, ನೀನೂ ಕೇಳಿದ್ಯಲ್ಲ. ದೀಪಾವಳಿ ನೋಡಿದ್ರ ಭಾಳ ಅಂದ್ರು.”

ಯಲ್ಲೇಶ ಎದ್ದು ಬಸ್ಸು ಬಂತೇನೋ ನೋಡಿ ಮತ್ತೆ ಕುಳಿತ.

“ಆಮ್ಯಾಲ ನನಗೊಂದು ಫ್ಯಾನು, ಒಂದು ಲೈಟು. ಅದಕ್ಕ ಬಿಲ್ ಬರಂಗಿಲ್ಲ.”

“ಹಾಕ್ಸು ಅಂತ ಭಾವನೇ ಅಂದಾರಕ್ಕ. ಹಿಂದಾಗಡೆ ನಿನಗ ತ್ರಾಸಾಗಬಾರದಂತ. ಮನಿಗೆ ಹೋದ ಕೂಡ್ಲೆ ಕೇಳ್ತಾರ.”

ಸಂಡೂರಿನ ಬಸ್ಸು ಬಂದು ನಿಂತಿತು. ಅಕ್ಕ ಲಕೋಟೆಯನ್ನು ಕಂಕುಳಿಗೆ ಸೇರಿಸಿ ಎದ್ದಳು.

“ದೀಪಾವಳಿ ಆದಮ್ಯಾಲ ಹಾಕ್ಸೂನು ಅಂತ ಹೇಳು.”

ಇಬ್ಬರೂ ಹತ್ತಿದರು. ನೀಲಗಂಗಮ್ಮನದೂ ಅದೇ ಬಸ್ಸು. ಅವಳು ಏಳಲಿಲ್ಲ.