ಎಡಕ್ಕೆ ತಿರುಚಿದ ಕಪ್ಪು ತಂತಿ

ದೀಪ ಸ್ವಲ್ಪ ಸಣ್ಣದು ಮಾಡಿ, ಹೇಳುತ್ತೇನೆ. ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡವಳು. ದೆವ್ವ ಅಂದರೆ ನಕ್ಕುಬಿಡುವ ಗಟ್ಟಿ ಹೆಂಗಸು.

ಆ ರಾತ್ರಿ ಅವಳು ಅಂಗಡಿ ಮುಚ್ಚಿ ಹೊರಟಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೈಯಲ್ಲಿ ಅವಳೇ ಮಾಡಿದ ಪುಟ್ಟ ರೋಬೋ ಇದ್ದ ಬಟ್ಟೆಚೀಲ. ಅದರ ಎರಡು ಬ್ಯಾಟರಿ ಮಾತ್ರ ಹೆಗಲಿನ ಬ್ಯಾಗಿನಲ್ಲಿ. ಬ್ಯಾಟರಿ ಬಿಚ್ಚದೆ ಯಾವ ಯಂತ್ರವನ್ನೂ ಹೊತ್ತು ತಿರುಗಬಾರದು ಅಂತ ಕಲಿಸಿದ್ದು ಅವಳ ಅಣ್ಣ. ಮನೆಯ ದಾರಿ ಪಂಪ್‌ಹೌಸಿನ ಹಳೇ ಬಾವಿಯ ಪಕ್ಕದಲ್ಲೇ. ಅದರ ಹಿಂದಿನ ವರ್ಷ ಪಂಪು ರಿಪೇರಿಗೆ ಅಂತ ಆ ಬಾವಿಗೆ ಇಳಿದ ಅಣ್ಣ ಜೀವಂತ ಮೇಲೆ ಬರಲಿಲ್ಲ. ತಳದಲ್ಲಿ ವಿಷಗಾಳಿ ತುಂಬಿತ್ತು.

ಬೆಳಗಾದರೆ ಅದೇ ಬಾವಿಗೆ ಅವಳ ತಮ್ಮ ಇಳಿಯಬೇಕು. ಅವನಿಗೂ ಅಲ್ಲೇ ಕೆಲಸ. ಮೇಸ್ತ್ರಿ ಹೇಳಿಬಿಟ್ಟಿದ್ದ, "ನಿನ್ನ ಆಟದ ಸಾಮಾನು ಓಡಿದ್ರೆ ಮೊದಲು ಅದನ್ನೇ ಇಳಿಸೋಣಮ್ಮ. ಇಲ್ಲಾಂದ್ರೆ ಇವನು ಇಳೀತಾನೆ." ಗಾಳಿ ಕೆಟ್ಟಿದ್ದರೆ ಕೂಗಿಕೊಳ್ಳಲಿ ಅಂತ ಅವಳು ಅದಕ್ಕೆ ವಿಷಗಾಳಿ ಪತ್ತೆಹಚ್ಚುವ ಸೆನ್ಸರು, ಒಂದು ಬಜರ್ ಹಾಕಿದ್ದಳು.

ಆದರೆ ಅದು ಓಡಬೇಕಲ್ಲ! ಮೊದಲು ಎಲ್ಲಕ್ಕೂ ಒಂದೇ ಬ್ಯಾಟರಿ ಇತ್ತು. ಚಕ್ರ ತಿರುಗುತ್ತಲೇ ಮೋಟರು ಕರೆಂಟನ್ನೆಲ್ಲ ಎಳೆದುಕೊಂಡು, ಹುಕುಂ ಕೊಡುವ ಕಂಪ್ಯೂಟರ್ ಬೋರ್ಡು ಆರಿಹೋಗುತ್ತಿತ್ತು. ಬಚ್ಚಲ ನಲ್ಲಿ ಬಿಟ್ಟರೆ ಅಡುಗೆಮನೆ ನಲ್ಲಿ ಸೊರಗುವ ಹಾಗೆ. ಸರಿ, ಬೋರ್ಡಿಗೇ ಬೇರೆ ಬ್ಯಾಟರಿ ಕೊಟ್ಟಳು. ಈಗ ಬೋರ್ಡು ಎಚ್ಚರವಾಗಿತ್ತು, ಚಕ್ರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ತಲೆ ಕೆಟ್ಟುಹೋಗಿತ್ತು ಅವಳಿಗೆ.

ಬಾವಿ ಹತ್ತಿರ ಬಂತು…

ಟಿಕ್.

ಚೀಲದೊಳಗಿಂದ. ನಿಂತಳು. ಹೆಗಲಿನ ಬ್ಯಾಗು ಮುಟ್ಟಿ ನೋಡಿಕೊಂಡಳು. ಎರಡು ಬ್ಯಾಟರಿಯೂ ಅಲ್ಲೇ ಇದ್ದವು.

ಗುಂಯ್… ಚಕ್ರ ತಿರುಗಿತು. ಬಟ್ಟೆಗೆ ಉಜ್ಜಿ ಸರ್… ಸರ್… ಅಂದಿತು. ಆಮೇಲೆ ಬಜರ್. ಪೀ… ಪೀ… ಪೀ…

"ಯಾರು?" ಅಂದಳು.

ಬಾವಿಯೊಳಗಿಂದ ಒಂದು ಕೆಮ್ಮು ಕೇಳಿಸಿತು. ಒಂದೇ ಒಂದು. ಅವಳು ಚಿಕ್ಕಂದಿನಿಂದ ಕೇಳಿದ್ದ ಕೆಮ್ಮು…

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದಳು.

ತಮ್ಮ ನಿದ್ದೆ ಬಾರದೆ ಕೂತಿದ್ದ. ಒಳಗೆ ಅಮ್ಮ ಮಲಗಿದ್ದರು. ಹಾಗಾಗಿ ಮಾತೆಲ್ಲ ಪಿಸುಪಿಸು.

"ಓಡ್ತಾ ಅಕ್ಕಾ?"

"ಇಲ್ಲ ಕಣೋ."

"ಹೋಗ್ಲಿ ಬಿಡು. ನಾನೇ ಇಳೀತೀನಿ. ಹತ್ತು ನಿಮಿಷದ ಕೆಲಸ."

"ಅಣ್ಣನೂ ಹಂಗೇ ಅಂದಿದ್ದ."

ಅವನು ದೀಪ ಹತ್ತಿರ ಸರಿಸಿದ.

ಅವಳು ರೋಬೋದ ಮುಚ್ಚಳ ತೆಗೆದಳು. ಬ್ಯಾಟರಿ ಬೇರೆ ಅಂದಮೇಲೆ ಪೂರ್ತಿ ಬೇರೆ ಇರಲಿ ಅಂತ ಎರಡರ ತಂತಿಗಳನ್ನೂ ಒಂದಕ್ಕೊಂದು ತಾಗದ ಹಾಗೆ ಇಟ್ಟಿದ್ದಳು. ಅಲ್ಲೇ ಅವಳು ಎಡವಿದ್ದು. ಕೆಂಪು ತಂತಿ ಬೇರೆ ಇದ್ದರೂ ಎರಡು ಕಡೆಯ ಕಪ್ಪು ತಂತಿ, ಅಂದರೆ ಕರೆಂಟು ವಾಪಸ್ ಬರುವ ತಂತಿ, ಕೂಡಿರಬೇಕು. ಕೂಡದಿದ್ದರೆ ಬೋರ್ಡಿನ ಹುಕುಂ ಮೋಟರಿಗೆ ಮುಟ್ಟುವುದಿಲ್ಲ.

ಈಗ ಆ ಕಪ್ಪು ತಂತಿಗಳು ಕೂಡಿದ್ದವು. ಎಡಕ್ಕೆ ತಿರುಚಿ, ಮೇಲೆ ಬಿಳಿ ದಾರ ಸುತ್ತಿತ್ತು.

"ನೀನು ಕಟ್ಟಿದ್ದಾ?" ತಮ್ಮ ಕೇಳಿದ.

"ಅಲ್ಲ…"

ಅಣ್ಣ ಎಡಚ. ಒದ್ದೆಗೆ ಟೇಪು ಬಿಟ್ಟುಕೊಳ್ಳುತ್ತೆ ಅಂತ ಎಲ್ಲ ತಂತಿಗೂ ದಾರ ಸುತ್ತುತ್ತಿದ್ದ. ಇವಳು ಅವನನ್ನು ದರ್ಜಿ ಅಂತಲೇ ರೇಗಿಸುತ್ತಿದ್ದಳು. ಬೆರಳಿಟ್ಟು ನೋಡಿದಳು. ದಾರ ಒದ್ದೆ. ಬಾವಿಯ ಕೆಸರಿನ ವಾಸನೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಣ್ಣ ಎಲ್ಲೋ ನೆಮ್ಮದಿಯಾಗಿದ್ದಾನೆ ಅಂದುಕೊಂಡಿದ್ದಳು ಪಾಪ. ಅವನಿನ್ನೂ ಅಲ್ಲೇ, ಆ ಕತ್ತಲಲ್ಲೇ ಇದ್ದ.

ಬೆಳಿಗ್ಗೆ ಬ್ಯಾಟರಿ ಹಾಕಿ, ಹಗ್ಗ ಕಟ್ಟಿ ರೋಬೋವನ್ನು ಇಳಿಸಿದರು. ತಳ ಮುಟ್ಟಿದ್ದೇ ಚಕ್ರ ತಿರುಗಿತು. ಬೋರ್ಡು ಆರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಪೀ… ಪೀ… ಪೀ… ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. "ಯಾರೂ ಇಳೀಬೇಡ್ರಪ್ಪ," ಅಂದ.

ತಮ್ಮ ಈಗಲೂ ಇದ್ದಾನೆ, ಬೇಕಾದರೆ ಹೋಗಿ ಕೇಳಿ. ರೋಬೋ ಅಂಗಡಿಯ ಕಪಾಟಿನ ಮೇಲಿದೆ. ದಾರ ಒಣಗಲಿ ಅಂತ ಅದನ್ನು ಎಷ್ಟೋ ಬೇಸಿಗೆ ಬಿಸಿಲಿಗೆ ಇಟ್ಟು ನೋಡಿದರು. ನೀವು ನಂಬಿ, ಬಿಡಿ. ಮೊನ್ನೆ ನಾನೇ ಆ ದಾರ ಮುಟ್ಟಿದೆ. ಬೆರಳು ಒದ್ದೆಯಾಯಿತು.