ಬಾಗಿದ ಮುದ್ರೆ

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ನಿರ್ದೇಶಕ ಡಾಕ್ಟರ್ ಕುರಾಶಿಗೆ ಅವರೇ, ಅವರ ಪಕ್ಕದಲ್ಲಿ ಆಗಲೇ ತೂಕಡಿಸುತ್ತಿರುವ ಗಣ್ಯರೇ, ಊಟದ ಡಬ್ಬಿಯ ಮೇಲೆ ಕಣ್ಣಿಟ್ಟಿರುವ ಸಭಿಕರೇ,

ಮೂವತ್ತೆಂಟು ವರ್ಷ ಸ್ಕ್ಯಾನಿಂಗ್ ಕೋಣೆಯ ಕತ್ತಲೆ ಕಾದ ಈ ತೋಕಿವಾನನ್ನು ಇಂದು ಬೆಳಕಿಗೆ ತಂದು ಬೀಳ್ಕೊಡುತ್ತಿದ್ದೀರಿ. ಸಂತೋಷ. ನಿರ್ದೇಶಕರು ನನ್ನನ್ನು ವಿನಯದ ಮೂರ್ತಿ ಎಂದರು. ಸಾಕ್ಷಿ ಬೇಕೆ? ನನ್ನ ವರದಿಗಳಲ್ಲಿ ಸಹಿಯ ಬದಲು ಒತ್ತಿದ ಹೆಸರಿನ ಮುದ್ರೆ ನೋಡಿ. ಮೇಲಿನವರ ಮುದ್ರೆಯ ಪಕ್ಕ ಕೆಳಗಿನವನ ಮುದ್ರೆ ನಮಸ್ಕರಿಸುವಂತೆ ಓರೆಯಾಗಿರಬೇಕು, ಅದು ಇಲ್ಲಿನ ಮರ್ಯಾದೆ. ನನ್ನ ಬೆನ್ನು ಬಾಗಿದ್ದು ವಯಸ್ಸಿನಿಂದ. ಮುದ್ರೆ ಬಾಗಿದ್ದು ಕೆಲಸಕ್ಕೆ ಸೇರಿದ ದಿನದಿಂದ.

ಇನ್ನು ನಿರ್ದೇಶಕರ ವಿದ್ಯೆ! ಗರ್ಭಕೋಶದ ಒಳಪದರದಂಥದ್ದು ದಾರಿತಪ್ಪಿ ಹೊಟ್ಟೆಯೊಳಗೆ ಬೇರೆಲ್ಲೋ ಬೇರೂರುವ ಎಂಡೊಮೆಟ್ರಿಯೋಸಿಸ್ ಇದೆಯಲ್ಲ, ಅದರ ಗಂಟಿಗೆ ರಕ್ತ ಹರಿಯುತ್ತಿದೆಯೇ ಎಂದು ಬಣ್ಣದಲ್ಲಿ ತೋರಿಸುವ ಯಂತ್ರ ಬಂತು. "ಒತ್ತಯ್ಯಾ, ಇನ್ನೂ ಒತ್ತು! ಚಿತ್ರ ಕನ್ನಡಿ ಥರ ಬರ್ಬೇಕು" ಎಂದರು. ಹೊಟ್ಟೆಯ ಮೇಲಿಡುವ ಪ್ರೋಬನ್ನು ಒತ್ತಿದೆವು. ಒತ್ತಿದರೆ ಕೂದಲೆಳೆಯಂಥ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಬಣ್ಣ ಮಾಯ. ಪೈಪಿನ ಮೇಲೆ ಕಾಲಿಟ್ಟು ನೀರಿಲ್ಲ ಎಂದು ಬರೆದ ಹಾಗೆ! ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ಸಲ ಬಾಯಿಬಿಟ್ಟೆ. "ಡಾಕ್ಟರ್ ಯಾರೋ, ನೀನಾ ನಾನಾ?" ಮುದ್ರೆಯನ್ನು ಇನ್ನಷ್ಟು ಬಾಗಿಸಿದೆ.

ನನ್ನ ಮಗಳು ಚಿಜುರು ದೊಡ್ಡವಳಾದ ದಿನ ಮನೆಯಲ್ಲಿ ಶುಭಕ್ಕೆಂದು ಕೆಂಪು ಕಾಳಿನ ಅನ್ನ ಮಾಡಿದ್ದೆವು. ನಿಮ್ಮ ಡಬ್ಬಿಯಲ್ಲಿರುವುದೂ ಅದೇ. ಆಮೇಲೆ ತಿಂಗಳು ತಿಂಗಳೂ ಹೊಟ್ಟೆ ಹಿಡಿದು ನೆಲಕ್ಕೆ ಬೀಳತೊಡಗಿದಳು. ಇಲ್ಲೇ ಸ್ಕ್ಯಾನ್ ಆಯಿತು. ನನ್ನ ಶಿಷ್ಯ ನಾನು ಕಲಿಸಿದಂತೆಯೇ ಒತ್ತಿದ. ರಕ್ತದ ಹರಿವಿಲ್ಲ, ಮನಸ್ಸಿನ ಕಾಯಿಲೆ ಎಂದು ವರದಿ. ಕೆಳಗೆ ಎರಡು ಮುದ್ರೆ, ನಿರ್ದೇಶಕರದು ನೆಟ್ಟಗೆ, ನನ್ನದು ಬಾಗಿದ್ದು.

ಆ ದಿನ ಅವಳಿಗೆ ನಾನಂದ ಮಾತನ್ನು ಹೇಳಲು ಬಂದಿರಲಿಲ್ಲ. ಬಾಯಿಗೆ ಬಂತು.

"ಅಪ್ಪಾ, ನೀನೂ ನಂಬಲ್ವಾ?"

"ಡಾಕ್ಟರಿಗಿಂತ ನೀನೇನು ಜಾಸ್ತಿ ತಿಳ್ಕೊಂಡಿದೀಯೇನೇ?"

ಹನ್ನೊಂದು ವರ್ಷ ಹೀಗೇ ಕಳೆಯಿತು.

ಕಳೆದ ವಾರ ಅವಳನ್ನು ಮತ್ತೆ ಕರೆತಂದೆ. ಹೊಸ ಡಾಕ್ಟರಮ್ಮ ಮಿನೆಗಿಶಿ ಪ್ರೋಬನ್ನು ಹಕ್ಕಿಗರಿಯಂತೆ ಹಿಡಿದರು. ಗಂಟಿನ ಸುತ್ತ ಕೆಂಪು, ನೀಲಿ ಮಿಣುಕಿತು. ಚಿಜುರು ಅಳಲಿಲ್ಲ. "ನೋಡಪ್ಪಾ, ನನ್ನ ಮನಸ್ಸು ಎಷ್ಟು ಬಣ್ಣಬಣ್ಣವಾಗಿದೆ!" ಎಂದಳು.

ಮಂಗಳವಾರ ಶಸ್ತ್ರಚಿಕಿತ್ಸೆ. ನಿರ್ದೇಶಕರ ಮುದ್ರೆಯೊಂದು ಬಿದ್ದರೆ. ಹಳೆಯ ವರದಿ ತಪ್ಪು ಎನ್ನುವ ಈ ಹೊಸ ವರದಿ ನಾಲ್ಕು ದಿನದಿಂದ ಅವರ ಮೇಜಿನ ಮೇಲೆ ನಿದ್ದೆ ಮಾಡುತ್ತಿತ್ತು. ಬೆಳಿಗ್ಗೆ ಎಬ್ಬಿಸಿಕೊಂಡು ಬಂದೆ. ಇಗೋ. ನನ್ನ ಮುದ್ರೆ ನೆಟ್ಟಗೆ ನಿಂತಿದೆ, ಮೊದಲ ಸಲ. ಶಾಯಿ ಡಬ್ಬಿಯೂ ನನ್ನ ಜೇಬಿನಲ್ಲಿದೆ.

ಅಧ್ಯಕ್ಷರೇ, ನೀವು ಶುಭ ಕೋರಿ ಲೋಟ ಎತ್ತುವವರೆಗೆ ಇಲ್ಲಿ ಯಾರೂ ಅನ್ನ ಮುಟ್ಟುವಂತಿಲ್ಲ. ಇನ್ನೂರು ಜನ ಹಸಿದಿದ್ದಾರೆ. ಬನ್ನಿ, ಒತ್ತಿ. ಒತ್ತುವುದು ನಿಮಗೆ ಚೆನ್ನಾಗಿ ಬರುತ್ತದೆ.

ಕಾದು ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.