ಸೂಜಿ ಪೋಣಿಸಿಕೊಟ್ಟವರು

ಕಣ್ಣಾಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು, ಅವರ ಜೊತೆ ಅವರ ಕಾರ್ಖಾನೆಯ ಒಡತಿ ಕುಳಿತಿದ್ದರು. ಕಾಲು ಊನವಾದವರಿಗೆ ಅಳತೆ ತೆಗೆದು ಬೂಟು ಹೊಲಿಯುವ ಪುಟ್ಟ ಕಾರ್ಖಾನೆಯೆಂದು ಮಾತಿನಿಂದ ತಿಳಿಯಿತು.

“ನಿನ್ನೆ ನೀವು ಮೆಟ್ಟಿಲು ತಪ್ಪಿ ಬೀಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಎಷ್ಟು ದಿನದಿಂದ ಹೀಗೆ, ಮೇಸ್ತ್ರಿಗಳೇ?”

“ಆರು ತಿಂಗಳಾಯ್ತಮ್ಮಾ, ಎಲ್ಲಾ ಮಂಜು ಮಂಜು.”

“ಹೊಲಿಗೆ ಒಂದೂ ತಪ್ಪಿಲ್ವಲ್ಲ?”

“ಹುಡುಗೀರು ಸೂಜಿ ಪೋಣಿಸಿ ಕೊಡ್ತಿದ್ರು. ಅಳತೆ ಓದಿ ಹೇಳ್ತಿದ್ರು. ಅವರನ್ನ ಬೈಬೇಡಿ.”

“ಅಂದ್ರೆ ನನ್ನೊಬ್ಬಳನ್ನ ಬಿಟ್ಟು ಎಲ್ರಿಗೂ ಗೊತ್ತಿತ್ತು.”

“ಹೋದ ವರ್ಷ ನಮ್ಮ ಬೂಟು ಪಾಲಿಶ್ ಮಾಡೋ ಅಣ್ಣನ ಕೈ ನಡುಗುತ್ತೆ ಅಂತ ಮನೆಗೆ ಕಳಿಸಿಬಿಟ್ರಲ್ಲ ನೀವು.”

“ಸುಧಾರಿಸಿಕೊಳ್ಳಲಿ ಅಂತ ಕಳಿಸಿದ್ದು ಕಣ್ರೀ!”

“ಅವನಿಗೆ ಹಾಗನ್ನಿಸಲಿಲ್ಲ. ನಮಗೂ ಅನ್ನಿಸಲಿಲ್ಲ.”

ಒಡತಿ ಕೈಯಲ್ಲಿದ್ದ ಚೀಟಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು.

“ಬಂದೋರ ಕಾಲುನೋವೆಲ್ಲ ಕೂತು ಕೇಳ್ತೀನಿ. ದೀಪದ ಬುಡದಲ್ಲೇ ಕತ್ತಲು ನೋಡಿ.”

ಮೇಸ್ತ್ರಿ ಹೌದೆಂಬಂತೆ ತಲೆಯಾಡಿಸಿದರು.

“ಪಾಲಿಶ್ ಅಣ್ಣನ ಮನೆ ಗೊತ್ತಾ ನಿಮಗೆ?”

“ಗೊತ್ತು. ಯಾಕಮ್ಮಾ?”

“ಇಲ್ಲಿಂದ ಸೀದಾ ಅಲ್ಲಿಗೇ ಹೋಗೋಣ. ಹೊಸಬರಿಗೆ ಕೂತಲ್ಲೇ ಕೆಲಸ ಕಲಿಸಿಕೊಡಲಿ. ಒಪ್ಪಿದ್ರೆ.”

“ಮೊದಲು ಚೆನ್ನಾಗಿ ಬೈತಾನೆ.”

“ಬೈಲಿ. ಕೇಳಿಸ್ಕೋತೀನಿ.”

ಅಷ್ಟರಲ್ಲಿ ನರ್ಸ್ ಮೇಸ್ತ್ರಿಯನ್ನು ಕರೆದಳು. ಒಡತಿಯೂ ಎದ್ದುದನ್ನು ಕಂಡು, “ಜೊತೆಗೆ ಮನೆಯವರನ್ನ ಮಾತ್ರ ಬಿಡೋದು” ಎಂದಳು.

ಮೇಸ್ತ್ರಿ ಒಡತಿಯ ತೋಳು ಹಿಡಿದುಕೊಂಡರು.

“ನಮ್ಮೋರೇ, ಬಿಡಮ್ಮಾ” ಎಂದರು. ಇಬ್ಬರೂ ಒಳಗೆ ಹೋದರು.